ಬ್ರಿಜಿತಮ್ಮನವರ ಸೀರಣಿಗೆ

ಬಾಗಿಲು ಒಂದಿಷ್ಟು ಮುಂದಕ್ಕೆ ಎಳೆದು ಹತ್ತಿರ ಬಂದು ಕೂತುಕೊಳ್ಳಿ. ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು, ಜಪಸರ ಮುಟ್ಟಿ ಆಣೆ ಮಾಡಿ. ಇನ್ನಾಸಮ್ಮನ ಮಕ್ಕಳು ಮೊಮ್ಮಕ್ಕಳು ಇನ್ನೂ ಇದೇ ಬೀದಿಯಲ್ಲಿದ್ದಾರೆ. ಆದರೆ ಮಾತೆ ಬ್ರಿಜಿತಮ್ಮನವರ ಮಹಿಮೆ ಹೇಳಬೇಕಾದರೆ ಇನ್ನಾಸಮ್ಮನ ಮಾನ ತೆಗೆಯದೆ ವಿಧಿಯಿಲ್ಲ.

ಮರಳುಪಾಳ್ಯದ ಕನ್ಯಾಮಠವೆಂದರೆ ಆಗ ಏನು ಮಹಾ? ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಒಂದು ಬೇವಿನ ಮರ. ತಪಸ್ಸುಕಾಲದ ಶುಕ್ರವಾರಗಳಂದು ಪೂಜ್ಯ ಬ್ರಿಜಿತಮ್ಮನವರು ಆ ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಸೀರಣಿಗೆ ಹಿಡಿದು, ಬಂದವರ ತಲೆಯ ಹೇನು ತೆಗೆಯುತ್ತಿದ್ದರು. ಸಂತೆಯಲ್ಲಿ ಸಿಗುವ ಒತ್ತುಹಲ್ಲಿನ ಮರದ ಬಾಚಣಿಗೆ ಅದು, ಎರಡು ಹಲ್ಲು ಮುರಿದಿದ್ದವು. ಅಷ್ಟು ಓದಿದವರು, ಲ್ಯಾಟಿನ್ ಬಲ್ಲವರು, ಹೇನು ಕುಕ್ಕುತ್ತಾ ಕೂರುವುದೇ ಎಂದು ಮೂಗು ಮುರಿದವರಲ್ಲಿ ಇನ್ನಾಸಮ್ಮನೇ ಮೊದಲಿಗಳು.

ಇನ್ನಾಸಮ್ಮನ ನಾಲಿಗೆಯನ್ನು ಏನು ಕೇಳುತ್ತೀರಿ! ಒಂದು ದಿನ, ಬೆಳಗಿನ ಪೂಜೆಯ ಗಂಟೆಗೂ ಮುಂಚೆ, ಪಕ್ಕದ ಮನೆಯ ವಿಧವೆ ಮದಲಮ್ಮನ ಹಿತ್ತಿಲ ಬಾಗಿಲಿಂದ, ಗುಡಿಯಲ್ಲಿ ಜಪ ಹೇಳಿಕೊಡುವ ಉಪದೇಶಿ ಹೊರಗೆ ಬಂದದ್ದನ್ನು ಅವಳು ಕಂಡಳು. ಕಂಡದ್ದು ಇಷ್ಟೇ. ಮಧ್ಯಾಹ್ನ ಹೆಂಗಸರು ಒಬ್ಬರ ಹಿಂದೊಬ್ಬರು ಸಾಲಾಗಿ ಕೂತು ಹೇನು ನೋಡುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿದ್ದವು. ಸಂಜೆಗೆ ಬಸಿರೂ ಆಯಿತು. ಒಳಗೆ ಮದಲಮ್ಮನ ಅತ್ತೆಗೆ ಮೇಲುಸಿರು ಹತ್ತಿತ್ತು, ಉಪದೇಶಿ ಮರಣದ ಜಪ ಹೇಳಲು ಬಂದಿದ್ದ. ಅದು ಯಾರಿಗೆ ಬೇಕು? ಮುದುಕಿಯಾದರೂ ಸಾಯಬಾರದಿತ್ತೇ, ಬದುಕಿಕೊಂಡಳು. ಸತ್ತಿದ್ದರೆ ಸೊಸೆಯ ಮಾನ ಉಳಿಯುತ್ತಿತ್ತು.

ಉಪದೇಶಿಯನ್ನು ದೂರದ ಊರಿಗೆ ಕಳಿಸಿಬಿಟ್ಟರು. ಗುಡಿಯ ಪೀಠದ ಬಟ್ಟೆ ಒಗೆಯುವ ಸೇವೆ ಮದಲಮ್ಮನ ಕೈತಪ್ಪಿತು. ಮಗಳು ಸಿಸಿಲಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಆ ಹುಡುಗಿ ಯಾವುದೋ ಬೋರ್ಡಿಂಗಿನ ಅಡುಗೆಮನೆ ಸೇರಿದವಳು ತಾಯಿಗೆ ಒಂದು ಕಾಗದವನ್ನೂ ಹಾಕಲಿಲ್ಲ. ತಾಯಿಯ ಮೇಲಿನ ಮಾತನ್ನು ಅವಳೂ ನಂಬಿದ್ದಳು ಅನ್ನಿ.

ಇದಾಗಿ ಎರಡು ವರ್ಷಕ್ಕೆ, ತಪಸ್ಸುಕಾಲದ ಒಂದು ಶುಕ್ರವಾರ ಇನ್ನಾಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಠದ ಜಗಲಿ ಹತ್ತಿದಳು.

"ಮದರ್, ಆ ಮದಲಮ್ಮನ್ನ ಗುಡಿ ಬಾಗಿಲಾಚೆ ಕೂರಿಸಿ. ಪೂಜೆಗೆ ನನ್ನ ಮುಂದೇನೇ ಬಂದು ಕೂರ್ತಾಳೆ, ತಲೇಲಿ ಹೇನು ಬುಳುಬುಳು ಅಂತವೆ. ಪಾಪ ಮಾಡಿದೋರ ತಲೇಲೇ ಅಷ್ಟು ಹೇನು ಬೀಳೋದು, ನೋಡ್ಕೊಳ್ಳಿ!"

ಮಾತೆಯವರು ಕೈಯಲ್ಲಿದ್ದ ತಲೆಯನ್ನು ಬಾಚಿ ಮುಗಿಸಿದರು. ಆಮೇಲೆ ಕೇಳಿದರು: "ನಿನ್ನ ತಲೆ ಯಾರು ನೋಡುತ್ತಾರೆ, ಇನ್ನಾಸಮ್ಮ?"

"ನನ್ನ ಸೊಸೆ. ದಿನಾ ನೋಡ್ತಾಳೆ. ಒಂದು ಸೀರು ಇದ್ರೆ ಕೇಳಿ!"

"ಮದಲಮ್ಮನ ತಲೆ ಸಿಸಿಲಿ ನೋಡುತ್ತಿದ್ದಳು," ಎಂದರು ಮಾತೆಯವರು. "ತನ್ನ ಹಿಂದಲೆ ತನಗೆ ಕಾಣದು."

ಅಷ್ಟೇ ಅವರು ನುಡಿದದ್ದು. ಸೀರಣಿಗೆಯನ್ನು ಬಟ್ಟೆಯಲ್ಲಿ ಒರೆಸಿ ಇನ್ನಾಸಮ್ಮನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು. ಬಯ್ದಿದ್ದರೆ ಅವಳು ಎರಡರಷ್ಟು ಬಯ್ದು ಬರುತ್ತಿದ್ದಳು. ಬಯ್ಯಲಿಲ್ಲವಲ್ಲ, ಕಾಲು ತಾನಾಗಿ ಮದಲಮ್ಮನ ಮನೆ ಕಡೆ ತಿರುಗಿತು.

ಬಾಗಿಲು ತೆರೆದ ಮದಲಮ್ಮ ಅವಳ ಕೈಯಲ್ಲಿದ್ದ ಸೀರಣಿಗೆಯನ್ನು ನೋಡಿದಳು.

"ಒಳಗೆ ಯಾರವ್ರೆ ಅಂತ ನೋಡೋಕೆ ಬಂದ್ರಾ, ಇನ್ನಾಸಕ್ಕ? ಅತ್ತೆ ಒಬ್ಳೇ ಅವ್ಳೆ. ಮಂಚದ ಕೆಳಗೂ ನೋಡ್ಕೊಂಡ್ ಬನ್ನಿ."

"ಮದರ್ ಕಳಿಸಿದ್ರು ಕಣೆ. ಕೂತ್ಕೊ, ತಲೆ ನೋಡ್ತೀನಿ."

ಒಳಗಿನಿಂದ ಕಿವುಡಿ ಮುದುಕಿ ಕೂಗಿದಳು: "ಯಾರೇ ಅದು? ಸಿಸಿಲಿ ಬಂದ್ಲಾ?"

ಮದಲಮ್ಮ ಹೊಸ್ತಿಲಲ್ಲೇ ಬೆನ್ನು ತಿರುಗಿಸಿ ಕೂತು ತುರುಬು ಬಿಚ್ಚಿದಳು.

ಇನ್ನಾಸಮ್ಮ ಕೂದಲು ಸೀಳಿ ನೋಡಿದವಳು ಬೆಚ್ಚಿಬಿದ್ದಳು. ಹಿಂದಲೆಯೆಲ್ಲ ಹುಣ್ಣು, ಕೆರೆದು ಕೆರೆದು ಒಣಗಿದ ರಕ್ತ. ಕಿವಿಯ ಹಿಂದೆ ಚರ್ಮ ಸುಟ್ಟು ಸುಲಿದಿತ್ತು. ನೋಡುವವರಿಲ್ಲದೆ ಬಡವಿ ಹೇನು ಸಾಯಲೆಂದು ತಾನೇ ತಲೆಗೆ ಸೀಮೆಎಣ್ಣೆ ಸುರಿದುಕೊಂಡಿದ್ದಳು. ಬೇರೆ ದಿನವಾಗಿದ್ದರೆ ಈ ಸುದ್ದಿ ಹತ್ತು ಮನೆಗೆ ಊಟವಾಗುತ್ತಿತ್ತು. ಅವತ್ತು ಇನ್ನಾಸಮ್ಮನ ನಾಲಿಗೆ ಒಣಗಿತು. ಸೀರಣಿಗೆ ಹೇನನ್ನು ಹಿಡಿದು ಕೂದಲನ್ನು ಬಿಡುತ್ತದೆ. ಅವಳ ನಾಲಿಗೆ ಏನನ್ನು ಬಿಟ್ಟಿತ್ತು? ಬೆನ್ನ ಹಿಂದೆ ಕೂತು ಮಾಡಬಹುದಾದ ಒಳ್ಳೆಯ ಕೆಲಸ ಇದೊಂದೇ ಎಂದು ಮಾತೆಯವರು ಮಠದ ಮಕ್ಕಳಿಗೆ ಹೇಳುತ್ತಿದ್ದರಂತೆ. ಅದನ್ನು ಕಲಿಯಲು ಇವಳಿಗೆ ಅರವತ್ತು ವರ್ಷ ಬೇಕಾಯಿತು.

ನೆರಳು ಅಂಗಳ ದಾಟುವವರೆಗೂ ಬಾಚಿದಳು. ಆ ಬಾಯಿ ಒಂದು ಮಧ್ಯಾಹ್ನ ಪೂರ್ತಿ ಮುಚ್ಚಿದ್ದೇ ಬ್ರಿಜಿತಮ್ಮನವರ ಪವಾಡ ಎಂದು ಈಗಲೂ ನಂಬುವವರಿದ್ದಾರೆ. ಕೊನೆಗೆ ತಡೆಯಲಾರದೆ ಅತ್ತಳು.

"ನಾನು ಕಂಡಿದ್ದು ಬರೀ ಬಾಗಿಲು, ಮದಲಮ್ಮ. ಮಿಕ್ಕಿದ್ದೆಲ್ಲ ನನ್ನ ಬಾಯಿ. ಭಾನುವಾರ ಪೂಜೆ ಬಿಟ್ಟ ಮೇಲೆ ಎಲ್ಲರೆದುರು ಹೇಳ್ತೀನಿ."

ಮದಲಮ್ಮ ಆಗ ತಿರುಗಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿ ಹೇಳಿದಳು:

"ಹೇಳಿ. ಸಿಸಿಲಿ ಕಿವಿಗೆ ಅದು ಮುಟ್ಟಲ್ಲ. ನಿಮ್ಮನ್ನ ಕ್ಷಮಿಸೋಕೆ ನನ್ ಕೈಲಿ ಆಗ್ತಿಲ್ಲ ಇನ್ನಾಸಕ್ಕ, ದಿನಾ ಜಪ ಮಾಡಿದ್ರೂ ಆಗ್ತಿಲ್ಲ. ಸೀರು ಇನ್ನೂ ಬೇಜಾನ್ ಐತೆ, ನಾಳೆನೂ ಬನ್ನಿ."