ಹುಸಿಮೀನಿನ ಕೊನೆಯ ಗಂಟು

"ಕೇಳಿರಪ್ಪೋ ಕೇಳಿರಿ! ನೀರ್ಕೋಟೆಯ ದೊರೆ ವೀರಕಂಠರಾಯರ ಅಪ್ಪಣೆ! ಅರಸರ ಮೂರು ಒಗಟು ಬಿಡಿಸಿದವನಿಗೆ ಕುಮಾರಿ ಹೊನ್ನಾಂಬೆಯೂ ಅರ್ಧ ರಾಜ್ಯವೂ ಸಲ್ಲುವುದು. ಒಂದರಲ್ಲಿ ಸೋತರೂ ತಲೆಯೂ ಸೊತ್ತೂ ಅರಮನೆಗೆ ಸೇರುವುದು!"

ಡಂಗುರದವನು ಮೀನುಗಾರರ ಕೇರಿ ದಾಟಿ ಹೋದ. ಜಗಲಿಯ ಮೇಲೆ ಜಟ್ಟಿ ಹುಸಿಮೀನು ಕಟ್ಟುತ್ತಿದ್ದ. ಗಾಳದ ಕುತ್ತಿಗೆಗೆ ಕರಗಿದ ಸೀಸ ಎರೆದು ತಲೆ ಮಾಡಿ, ಹುಂಜದ ಗರಿ, ಆಡಿನ ಕೂದಲು ಸುತ್ತಿ, ಕೆಂಪು ನೂಲಿನಿಂದ ಬಿಗಿಯುವುದು ಅವನ ಕಸುಬು. ನೀರಲ್ಲಿ ಎಳೆದರೆ ಮೀನಿನ ಹಾಗೇ ಕುಣಿಯುತ್ತದೆ. ನಂಬಿ ಬಂದ ಮೀನು ಸಂಜೆಗೆ ಸಾರಾಗುತ್ತದೆ.

ಹಿಂದಿನ ಸಲ ಇದೇ ಡಂಗುರ ಕೇಳಿ ಅವನ ಅಣ್ಣ ಮಾಸ್ತಿ ತಲೆ ಬಾಚಿಕೊಂಡು ಹೋಗಿದ್ದ. ಸೋತು ಈಗ ಸೆರೆಯಲ್ಲಿದ್ದ, ಹುಣ್ಣಿಮೆಗೆ ತಲೆ ಹೋಗುವುದಿತ್ತು. ಅವನ ದೋಣಿ ಆಗಲೇ ಅರಮನೆ ಸೇರಿತ್ತು.

"ಒಗಟಿಗೂ ದೋಣಿಗೂ ಏನು ಸಂಬಂಧ?" ಎಂದ ಜಟ್ಟಿ.

"ನೀನೂ ಹೊರಟೆಯೇನೋ?" ಅಮ್ಮ ಅಕ್ಕಿ ಕೇರುವುದನ್ನು ನಿಲ್ಲಿಸಿದಳು. "ಕುಮಾರಿ ಬೇಕಾ ನಿನಗೆ?"

"ಅಣ್ಣ ಬೇಕು. ಇದು ಯಾರೋ ಚೆಂದಾಗಿ ಕಟ್ಟಿದ ಗಾಳ ಅಮ್ಮ. ಗರಿ ಕಾಣುತ್ತಿದೆ, ಗಂಟು ಕಾಣುತ್ತಿಲ್ಲ."

ಎಷ್ಟೇ ನಾಜೂಕಾಗಿ ಕಟ್ಟಿದ ಹುಸಿಮೀನಿಗೂ ಕೊನೆಯ ಗಂಟು ಒಂದಿರುತ್ತದೆ. ಅದನ್ನು ಗರಿಯ ಬುಡದಲ್ಲಿ ಅಡಗಿಸುತ್ತಾರೆ. ಉಗುರಿಗೆ ಅದು ಸಿಕ್ಕರೆ ಸಾಕು, ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ.

ಅರಮನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮೊದಲು ನಿಂತವನು ಹಡಗಿನ ವರ್ತಕನ ಮಗ, ಕಿವಿಯಲ್ಲಿ ಮುತ್ತು.

"ಒಲೆಯಲ್ಲಿ ಹುಟ್ಟುತ್ತದೆ, ಬಾಗಿಲು ಹಾಕಿದರೂ ಹೊರಗೆ ಹೋಗುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಏನದು?" ಎಂದ ಅರಸ.

"ಹೊಗೆ!"

"ತಪ್ಪು. ಒಗ್ಗರಣೆಯ ಘಮ."

ಜನ ಅಯ್ಯೋ ಎಂದರು. ಭಟರು ಹುಡುಗನನ್ನೂ ಮುತ್ತನ್ನೂ ಬೇರೆಬೇರೆ ಕಡೆ ಒಯ್ದರು.

ಮುಂದೆ ಬಂದವನು ಪಾಳೆಯಗಾರನ ಅಳಿಯ. ಅವನಿಗೆ ಹೊಸ ಒಗಟು: "ಬಿತ್ತದೆ ಬೆಳೆಯುತ್ತದೆ, ಕತ್ತರಿಸಿದರೆ ನೋಯುವುದಿಲ್ಲ."

"ಕೂದಲು, ಪ್ರಭು!"

"ತಪ್ಪು. ಉಗುರು."

ಜಟ್ಟಿ ತನ್ನ ಉಗುರು ನೋಡಿಕೊಂಡ. ಕೂದಲೂ ಸರಿಯೇ, ಉಗುರೂ ಸರಿಯೇ. ಒಂದನ್ನು ಹೇಳಿದರೆ ಅರಸ ಇನ್ನೊಂದನ್ನು ಹೇಳುತ್ತಾನೆ. ಅಷ್ಟು ಸುಲಭವೇ? ಇಷ್ಟು ಜನ ಇದನ್ನು ನೋಡಿಯೂ ಅಯ್ಯೋ ಎನ್ನುತ್ತಿದ್ದರಲ್ಲ, ಅದೇ ಅವನಿಗೆ ಅಚ್ಚರಿ.

ಅವನು ಮುಂದೆ ಬಂದ.

"ಮಹಾಪ್ರಭು, ಒಂದು ಬಿನ್ನಹ. ಒಗಟು ಹೇಳುವ ಮೊದಲು ಉತ್ತರವನ್ನು ಕುಮಾರಿಯವರ ಕಿವಿಯಲ್ಲಿ ಹೇಳಿಬಿಡಿ. ನಾನು ಹೇಳಿದ ಮೇಲೆ ತೀರ್ಪನ್ನು ಅವರೇ ಕೊಡಲಿ."

"ನಮ್ಮ ಮೇಲೆ ಅನುಮಾನವೋ?"

"ನನ್ನ ಕಸುಬೇ ಮೋಸ ಪ್ರಭು. ಮೀನಿಗೆ ಮಾಡುವುದು. ಹಾಗಾಗಿ ಎಲ್ಲರ ಮೇಲೂ ಅನುಮಾನ."

ಜನ ನಕ್ಕರು. ನಗುವ ಜನರ ಮುಂದೆ ಇಲ್ಲವೆನ್ನುವುದು ಕಷ್ಟ. ಅರಸ ಬಾಗಿ ಮಗಳ ಕಿವಿಯಲ್ಲಿ ಏನೋ ಹೇಳಿದ.

"ಒಡೆಯುವ ತನಕ ಒಳಗೇನಿದೆಯೋ ತಿಳಿಯದು, ಒಡೆಯದೆ ತಿನ್ನಲಾಗದು."

"ಮೊಟ್ಟೆ. ಇಲ್ಲವೇ ತೆಂಗಿನಕಾಯಿ."

"ಎರಡು ಉತ್ತರವೇ?"

"ಒಂದೇ ಹೇಳಬೇಕೆಂದು ಡಂಗುರದಲ್ಲಿ ಇರಲಿಲ್ಲವಲ್ಲ ಪ್ರಭು. ಎರಡರಲ್ಲೂ ಕೊಳೆತದ್ದು ಹೊರಗಿಂದ ಕಾಣುವುದಿಲ್ಲ."

"ಮೊಟ್ಟೆ. ಸರಿಯಾಗಿದೆ," ಎಂದಳು ಹೊನ್ನಾಂಬೆ.

ಮತ್ತೆ ಪಿಸುಮಾತು. "ನೀನು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ, ಮಾತಾಡಿಸಿದರೆ ಮಾತಾಡದು."

"ನೆರಳು. ಇಲ್ಲವೇ ಕಾಲಿನ ಚಪ್ಪಲಿ. ನನ್ನ ಹತ್ತಿರ ನೆರಳು ಮಾತ್ರ ಇದೆ."

"ಚಪ್ಪಲಿ. ಸರಿಯಾಗಿದೆ." ಅವಳ ತುಟಿ ಸ್ವಲ್ಪ ಬಿರಿಯಿತು.

ಮೂರನೆಯ ಸಲ ಅರಸ ಬಹಳ ಹೊತ್ತು ಯೋಚಿಸಿ ಪಿಸುಗುಟ್ಟಿದ. ಹೊನ್ನಾಂಬೆಯ ಮುಖ ಕಪ್ಪಿಟ್ಟಿತು.

"ಮೈತುಂಬ ಅಲಂಕಾರ, ಒಳಗೆ ಮುಳ್ಳು. ಆಸೆಪಟ್ಟು ಬಂದವನು ಬದುಕಿ ಹೋಗುವುದಿಲ್ಲ."

ಇಷ್ಟು ಸುಲಭದ್ದನ್ನು ಗಾಳ ಕಟ್ಟುವವನಿಗೇ ಏಕೆ ಕೇಳುತ್ತಾನೆ? ಎಲ್ಲೋ ಇನ್ನೊಂದು ಗಂಟಿದೆ. ಹುಡುಕಿದ, ಸಿಗಲಿಲ್ಲ.

"ಗಾಳ," ಎಂದ ಜಟ್ಟಿ. "ಇಲ್ಲವೇ ನಿಮ್ಮ ಡಂಗುರ. ಮೇಲೆ ಕುಮಾರಿ, ಅರ್ಧ ರಾಜ್ಯ. ಒಳಗಿನ ಮುಳ್ಳು ನಮ್ಮ ದೋಣಿಗಳಿಗೆ."

ಅರಸ ಸಿಟ್ಟಾಗಲಿಲ್ಲ, ನಕ್ಕ. ಆ ನಗು ನೋಡಿದೊಡನೆ ಜಟ್ಟಿಗೆ ಗೊತ್ತಾಯಿತು. ಎರಡೂ ಅಲ್ಲ. ಅಣ್ಣನೂ ಹೋದ, ತಾನೂ ಹೋದ.

"ಹೇಳು ಮಗಳೇ," ಎಂದ ಅರಸ.

ಹೊನ್ನಾಂಬೆ ತಂದೆಯನ್ನೇ ನೋಡಿದಳು.

"ಗಾಳ," ಎಂದಳು. "ಅಪ್ಪಾಜಿ ಹೇಳಿದ್ದು ಗಾಳ ಎಂದೇ."

ಅರಸನ ಬಾಯಿ ತೆರೆಯಿತು. ಅವನು ಜನರನ್ನು ನೋಡಿದ. ಬಾಯಿ ಮುಚ್ಚಿಕೊಂಡಿತು.

ಜಟ್ಟಿ ಕೇಳಿಕೊಂಡಂತೆ ಮೊದಲು ಸೆರೆಮನೆಯ ಬಾಗಿಲು ತೆಗೆಸಿದರು. ಮಾಸ್ತಿ ಕಣ್ಣುಜ್ಜಿಕೊಂಡು ಬಂದು, "ಕುಮಾರಿ ಯಾರಿಗೆ ಸಿಕ್ಕಿದಳೋ?" ಎಂದು ಕೇಳಿದ. ಅವನು ಸುಧಾರಿಸಿರಲಿಲ್ಲ. ಅರಸ ಮಾತಿಗೆ ತಪ್ಪದೆ ಅರ್ಧ ರಾಜ್ಯ ಕೊಟ್ಟ, ಕಡಲಿನ ಕಡೆಯ ಅರ್ಧ, ಬರೀ ಉಪ್ಪುನೀರು. ಜಟ್ಟಿಗೆ ಬೇಕಾದದ್ದೂ ಅದೇ. ಕಿತ್ತುಕೊಂಡ ದೋಣಿಗಳನ್ನೆಲ್ಲ ಬಿಡಿಸಿ ಅದರ ಮೇಲೆ ತೇಲಿಬಿಟ್ಟ.

ಹೊನ್ನಾಂಬೆ ಹೆಬ್ಬಾಗಿಲ ತನಕ ಬಂದಳು.

"ಅವರು ನಿಜವಾಗಿ ಹೇಳಿದ್ದೇನು?" ಎಂದ ಜಟ್ಟಿ.

"'ನೀನು' ಎಂದರು. ಅಲಂಕಾರ ನಾನು, ಮುಳ್ಳೂ ನಾನು. ನನ್ನ ತೀರ್ಪು ತಪ್ಪೆನ್ನಬೇಕಾದರೆ ಆ ಮಾತನ್ನು ಊರೆದುರು ಅವರೇ ಹೇಳಬೇಕಿತ್ತು."

ಜಟ್ಟಿ ಅವಳನ್ನು ಆ ಕಡೆ ಈ ಕಡೆ ನೋಡಿದ, ಹೊಸ ಹುಸಿಮೀನನ್ನು ತಿರುಗಿಸಿ ನೋಡುವ ಹಾಗೆ.

"ಇನ್ನೂ ಅನುಮಾನವೇ?"

"ಇದೆ."

"ಒಳ್ಳೆಯದು. ನನಗೂ ಇದೆ. ನಾನು ನಿನ್ನ ಜಗಲಿಗೆ ಬಂದು ನೋಡುತ್ತೇನೆ, ಆಮೇಲೆ ಮದುವೆಯ ಮಾತು. ಗಾಳ ಕಟ್ಟುವುದು ಕಲಿಸುತ್ತೀಯಾ?"

"ಕಟ್ಟುವುದು ಕಲಿಸಬಹುದು," ಎಂದ ಜಟ್ಟಿ. "ಬಿಚ್ಚುವುದು ನಿಮಗೆ ಬಂದೇ ಇದೆಯಲ್ಲ."