ಹೊಳೆಯಾಚೆಯ ಹುತ್ತ

ಗೆದ್ದಲುಗಳು ಕಟ್ಟಿದ ಹುತ್ತದಲ್ಲಿ ನಾಗಪ್ಪನೆಂಬ ಹಾವು ವಾಸವಾಗಿತ್ತು. ಕಟ್ಟಿದ್ದಕ್ಕೆ ಅದು ಕೂಲಿ ಕೊಡುತ್ತಿತ್ತು. ನಾಗರಪಂಚಮಿಯಂದು ಗೆದ್ದಲುಗಳು ಆ ಕೂಲಿಯಲ್ಲೇ ಹಾಲು ತಂದು ಅದಕ್ಕೆ ಎರೆಯುತ್ತಿದ್ದವು.

ಒಂದು ಮಳೆಗಾಲದಲ್ಲಿ ಮುದಿ ಗೆದ್ದಲು ಕೇಳಿತು: "ಒಡೆಯಾ, ಕುಸಿದ ಗೋಡೆಯನ್ನು ಮೂರು ಸಲ ಎಬ್ಬಿಸಿದ್ದೇವೆ. ಕೂಲಿ ಸ್ವಲ್ಪ ಹೆಚ್ಚಿಸಬೇಕು."

"ಹೊಳೆಯಾಚೆಯ ಗೆದ್ದಲುಗಳು ಅರ್ಧ ಕೂಲಿಗೇ ಕಟ್ಟುತ್ತವಂತೆ. ನಾನು ಅಲ್ಲಿಗೇ ಹೋಗುತ್ತೇನೆ. ಎಂಜಲು ಬೆರೆಸಿ ಮಣ್ಣು ಕಲಸುವ ಹದ ಅವಕ್ಕಿನ್ನೂ ಗೊತ್ತಿಲ್ಲ. ನೀನೇ ಹೋಗಿ ಕಲಿಸಿ ಬಾ," ಎಂದಿತು ನಾಗಪ್ಪ.

ಒಡೆಯನ ಮಾತು ಮೀರಿ ಅಭ್ಯಾಸವಿಲ್ಲದ ಮುದಿ ಗೆದ್ದಲು ತರಗೆಲೆ ಹತ್ತಿ ಹೊಳೆ ದಾಟಿತು, ಕಲಿಸಿ ಬಂತು. ಆಚೆ ದಡದಲ್ಲಿ ಹೊಸ ಹುತ್ತ ಎದ್ದಿತು. ಹಾವು ಅಲ್ಲಿಗೆ ಹೋಯಿತು.

ಮರುವರ್ಷದ ಪಂಚಮಿಗೆ ಹೊಸ ಹುತ್ತದ ಬಾಯಿಗೆ ಯಾರೂ ಬರಲಿಲ್ಲ. ಕೇಳಿದರೆ ಅಲ್ಲಿನ ಗೆದ್ದಲುಗಳು, "ಅರ್ಧ ಕೂಲಿ ನಮ್ಮ ಹೊಟ್ಟೆಗೇ ಸಾಲದು," ಎಂದವು.

ನಾಗಪ್ಪ ಈಜಿಕೊಂಡು ಹಳೆಯ ದಡಕ್ಕೆ ಬಂತು. ಹುತ್ತ ಅರ್ಧ ಬಿದ್ದಿತ್ತು. ಮುದಿ ಗೆದ್ದಲು ಅದರ ಮುಂದೆ ಕೆಲಸವಿಲ್ಲದೆ ಕೂತಿತ್ತು.

"ನನ್ನ ಹಾಲೆಲ್ಲಿ?" ಎಂದು ಹಾವು ಹೆಡೆಯೆತ್ತಿತು.

"ಹೊಳೆ ದಾಟುವಾಗ ಅದನ್ನೂ ನೀವೇ ಒಯ್ದಿರಲ್ಲ ಒಡೆಯಾ," ಎಂದಿತು ಗೆದ್ದಲು.