ಬಾಗಿಲು ಹಾಕಿ ಹೊರಗುಳಿದವನು

"ಗುರುಗಳೇ, ಇಬ್ಬರು ಮುನಿಸಿಕೊಂಡರೆ ಮೊದಲು ಮಾತಾಡಬೇಕಾದವರು ಯಾರು? ತಪ್ಪು ಮಾಡಿದವರೋ, ಅದರಿಂದ ನೊಂದವರೋ?"

ಕೇಳಿದವನು ಮಡಿವಾಳಯ್ಯ, ಮಠದಲ್ಲಿ ಓದಿಕೊಂಡಿದ್ದ ಶಿಷ್ಯ. ಅವನು ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಅಡುಗೆಮನೆಯ ಸಂಗಯ್ಯನಿಗೂ ಅವನಿಗೂ ಮಾತು ನಿಂತು ಬಹಳ ದಿನವಾಗಿತ್ತು. ಜೀವದ ಗೆಳೆಯರಾಗಿದ್ದವರು ಹೀಗಾದರಲ್ಲ ಎಂದು ಮಠಕ್ಕೆ ಮಠವೇ ಮಾತಾಡಿಕೊಳ್ಳುತ್ತಿತ್ತು.

ಗುರುಗಳು ನಕ್ಕರು. ನೊಂದವನು ನೀನೇ ಇರಬೇಕು, ಪ್ರಶ್ನೆ ಕೇಳಿದ ರೀತಿಯಲ್ಲೇ ಗೊತ್ತಾಗುತ್ತದೆ ಎಂದರು. ಮಡಿವಾಳಯ್ಯ ತಲೆ ತಗ್ಗಿಸಿದ. ಕೂತುಕೋ, ಒಂದು ಕತೆ ಹೇಳುತ್ತೇನೆ ಎಂದು ಗುರುಗಳು ಶುರುಮಾಡಿದರು.

ಇದು ಕಂಪ್ಯೂಟರ್ ಆಟದ ಕತೆ. ಹುಬ್ಬೇರಿಸಬೇಡ. ಮಠಕ್ಕೆ ಬರುವ ಹುಡುಗರು ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಮೊಬೈಲು ನೋಡುತ್ತಾರೆ. ಅದರಲ್ಲಿ ಅಂಥದ್ದೇನಿದೆಯಪ್ಪ ಎಂದು ಕೇಳಿದೆ. ಬೈಯುತ್ತೇನೆ ಅಂದುಕೊಂಡಿದ್ದರು ಪಾಪ, ಬೈಯಲಿಲ್ಲವೆಂದು ಖುಷಿಯಾಗಿ ಎಲ್ಲ ಹೇಳಿದರು. ನನಗೂ ಅಷ್ಟಿಷ್ಟು ತಿಳಿಯಿತು.

ಒಬ್ಬ ಗುಮಾಸ್ತನಿದ್ದ. ಅವನಿಗೊಬ್ಬ ಗೆಳೆಯ, ದರ್ಜಿ. ಇಬ್ಬರೂ ಸೇರಿ ಕಂಪ್ಯೂಟರಿನೊಳಗೆ ಒಂದು ಊರು ಮಾಡಿದರು. ಆಟದ ಊರು. ಎಲ್ಲೆಲ್ಲಿಯೋ ಇರುವ ಜನ ತಮ್ಮ ತಮ್ಮ ಮನೆಯಲ್ಲಿ ಕೂತೇ ಆ ಊರಿಗೆ ಬಂದು ಸೇರಬಹುದು. ಮರ ಕಡಿಯಬಹುದು, ಹೊಲ ಉಳಬಹುದು, ಮನೆ ಕಟ್ಟಬಹುದು. ಹಾಗೆ ಬಂದವರು ನಲವತ್ತು ಜನರಾದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ಒಬ್ಬರ ಗೋಡೆಗೆ ಇನ್ನೊಬ್ಬರು ಕಲ್ಲು ಹೊತ್ತವರು. ಅದು ಸುಳ್ಳು ಊರಲ್ಲವೇ ಎನ್ನಬೇಡ. ಸುಳ್ಳಿಗಾಗಿ ಯಾರೂ ಊಟ ಬಿಟ್ಟು ಕೂರುವುದಿಲ್ಲ.

ಇಂಥ ಊರು ಇರಬೇಕಾದರೆ ಒಂದು ಯಂತ್ರ ಹಗಲೂ ರಾತ್ರಿ ಓಡುತ್ತಿರಬೇಕು. ಅದಕ್ಕೆ ಸರ್ವರ್ ಎನ್ನುತ್ತಾರೆ. ಅದು ನಿಂತರೆ ಊರೂ ಇಲ್ಲ. ಆ ಸರ್ವರನ್ನು ದರ್ಜಿಯ ಅಂಗಡಿಯಲ್ಲಿ, ಬಟ್ಟೆಯ ಬೀರುವಿನ ಮೇಲೆ ಇಟ್ಟಿದ್ದರು. ಅಲ್ಲಿ ಕರೆಂಟು ಹೋಗುವುದು ಕಡಿಮೆ. ಅದರ ಕಾರುಬಾರೆಲ್ಲ ಗುಮಾಸ್ತನದು. ಯಾರು ಒಳಗೆ ಬರಬೇಕು, ಯಾರನ್ನು ಹೊರಗೆ ಹಾಕಬೇಕು, ಕೆಟ್ಟದ್ದನ್ನು ಹೇಗೆ ರಿಪೇರಿ ಮಾಡಬೇಕು, ಎಲ್ಲ ಅವನಿಗೆ ಗೊತ್ತು. ಅವನಿಗೆ ದೂರದ ಊರಿಗೆ ವರ್ಗವಾಯಿತು. ಆದರೂ ತೊಂದರೆಯಾಗಲಿಲ್ಲ. ಅಲ್ಲಿಂದಲೇ ಇಂಟರ್ನೆಟ್ಟಿನ ಮೂಲಕ ಸರ್ವರಿನೊಳಗೆ ಹೊಕ್ಕು ಕೆಲಸ ನಡೆಸುತ್ತಿದ್ದ. ದರ್ಜಿಗೆ ಇದೆಲ್ಲ ತಿಳಿಯದು. ಅವನು ಆಡುವುದನ್ನು ಮಾತ್ರ ಬಲ್ಲ, ಅದೂ ಅಷ್ಟಕ್ಕಷ್ಟೆ.

ಗುಮಾಸ್ತ ಆ ಊರಿನಲ್ಲಿ ಒಂದು ಚಾವಡಿ ಕಟ್ಟಿದ. ತಿಂಗಳುಗಟ್ಟಲೆ ಕೂತು ಕಟ್ಟಿದ. ಚಾವಡಿಯ ಮುಂದೆ ಒಂದು ಕೊಳವಿದ್ದರೆ ಚೆನ್ನಾಗಿರುತ್ತಿತ್ತು ಎಂದು ಒಮ್ಮೆ ಮಾತಿಗೆ ಅಂದಿದ್ದ. ದರ್ಜಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಗೆಳೆಯ ಸಂಜೆ ಬರುವಷ್ಟರಲ್ಲಿ ಕೊಳ ಮಾಡಿಟ್ಟಿರಬೇಕೆಂದು ನದಿಯಿಂದ ಕಾಲುವೆ ತೋಡಿದ. ಬಟ್ಟೆ ಅಳೆಯುವವನಿಗೆ ನೀರಿನ ಅಳತೆ ಸಿಗಲಿಲ್ಲ. ನೀರು ನುಗ್ಗಿ ಚಾವಡಿಯಲ್ಲಿದ್ದ ಸಾಮಾನೆಲ್ಲ ಕೊಚ್ಚಿಕೊಂಡು ಹೋಯಿತು.

ಗುಮಾಸ್ತ ಬಂದು ನೋಡಿ ದಂಗಾದ. ದರ್ಜಿ ಅದೇ ನೀರಿನಲ್ಲಿ ನಿಂತು ನಗುತ್ತಿದ್ದ. ನೋಡಪ್ಪ, ಕೆಲವರಿಗೆ ಅಳು ಬರಬೇಕಾದ ಕಡೆ ನಗು ಬರುತ್ತದೆ. ಅದು ಅವರ ಸ್ವಭಾವ. ಗುಮಾಸ್ತನಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ನೆತ್ತಿಗೇರಿತು. ಎಲ್ಲರೆದುರು ದರ್ಜಿಯನ್ನು ಊರಿನಿಂದ ಹೊರಗೆ ಹಾಕಿದ. ಮುಂದೆಂದೂ ಆ ಹೆಸರಿನವನು ಒಳಗೆ ಬರದಂತೆ ತಡೆ ಹಾಕಿದ.

ದರ್ಜಿ ಒಮ್ಮೆ ಫೋನು ಮಾಡಿದ. ಗುಮಾಸ್ತ ಎತ್ತಲಿಲ್ಲ. ದರ್ಜಿ ಮತ್ತೆ ಮಾಡಲಿಲ್ಲ. ಅವನೇ ಇನ್ನೊಮ್ಮೆ ಮಾಡಲಿ ಎಂದು ಇವನು ಕಾದ. ಇವನ ಸಿಟ್ಟು ಇಳಿಯಲಿ ಎಂದು ಅವನು ಕಾದ. ಹೀಗೆ ಕಾಯುತ್ತಾ ಕೂತರೆ ದಿನಗಳಿಗೇನು, ಅವು ಹೋಗುತ್ತವೆ.

ಊರು ಮಾತ್ರ ನಡೆದೇ ಇತ್ತು. ತಾನು ಇಲ್ಲಿಂದ ನಡೆಸುತ್ತಿದ್ದೇನೆ, ಅದಕ್ಕೇ ನಡೆಯುತ್ತಿದೆ ಎಂದು ಗುಮಾಸ್ತ ತಿಳಿದಿದ್ದ. ಆದರೆ ಆಟಕ್ಕೆ ಕೂತರೆ ಮೊದಲಿನ ಸೊಗಸಿರಲಿಲ್ಲ. ಚಾವಡಿಯನ್ನು ಮತ್ತೆ ಕಟ್ಟಿದ, ಕರೆದು ತೋರಿಸಲು ಯಾರೂ ಇಲ್ಲ. ಇಷ್ಟು ಜನರಲ್ಲಿ ಕಡಿಮೆಯಾದವನು ಒಬ್ಬ. ಆದರೂ ಅವನಿಗೆ ಊರೆಲ್ಲ ಖಾಲಿ ಕಂಡಿತು. ಬಿಟ್ಟು ಇರಲಾರ, ಬಾಯಿಬಿಟ್ಟು ಕರೆಯಲಾರ. ನಗಬೇಡ ಮಡಿವಾಳಯ್ಯ, ಇಂಥವರು ಎಲ್ಲ ಕಡೆಯೂ ಇರುತ್ತಾರೆ.

ಒಂದು ಮಧ್ಯಾಹ್ನ ಆ ಊರಿಗೆ ಪುಂಡರು ನುಗ್ಗಿದರು. ಆಡಲು ಬಂದವರಲ್ಲ, ಬೇಕೆಂದೇ ಕೆಡವಲು ಬಂದವರು. ಹೊಸಬರ ಹಾಗೆ ಒಳಗೆ ಬಂದು ಕಂಡ ಕಂಡ ಮನೆಗೆ ಬೆಂಕಿಯಿಟ್ಟರು. ಆಟದ ಊರಿನವರಲ್ಲಿ ಒಬ್ಬಳು ನರ್ಸಮ್ಮ ಇದ್ದಳು. ದರ್ಜಿಯ ಅಂಗಡಿ ಇದ್ದ ಊರಿನ ಆಸ್ಪತ್ರೆಯಲ್ಲೇ ಅವಳಿಗೆ ಕೆಲಸ. ಊಟದ ಬಿಡುವಿನಲ್ಲಿ ಮೊಬೈಲು ತೆರೆದು ನೋಡುತ್ತಾಳೆ, ತಾನು ಬೆಳೆಸಿದ ಹೂತೋಟ ಉರಿಯುತ್ತಿದೆ. ಕೂಡಲೇ ಗುಮಾಸ್ತನಿಗೆ ತಿಳಿಸಿದಳು.

ಗುಮಾಸ್ತ ಹೌಹಾರಿದ. ಮೊದಲು ಬಾಗಿಲು ಹಾಕುತ್ತೇನೆ, ಇನ್ನಷ್ಟು ಜನ ನುಗ್ಗದಿರಲಿ, ಆಮೇಲೆ ಒಳಗಿರುವವರನ್ನು ಒಬ್ಬೊಬ್ಬರಾಗಿ ಹೊರದಬ್ಬುತ್ತೇನೆ ಎಂದುಕೊಂಡ. ಯೋಚನೆ ಸರಿಯಾಗಿಯೇ ಇತ್ತು. ತನ್ನೊಬ್ಬನ ಹೊರತು ಹೊಸದಾಗಿ ಯಾರೂ ಒಳಗೆ ಬರಕೂಡದು ಎಂದು ಸರ್ವರಿಗೆ ಅಪ್ಪಣೆ ಕೊಟ್ಟ. ಮನೆಗೆ ವಿಳಾಸ ಇರುವಂತೆ ಕಂಪ್ಯೂಟರಿಗೂ ಅಂಕಿಗಳ ವಿಳಾಸ ಇರುತ್ತದಂತೆ. ಅವಸರದಲ್ಲಿ ತನ್ನದೇ ವಿಳಾಸದ ಒಂದು ಅಂಕಿಯನ್ನು ತಪ್ಪಾಗಿ ಒತ್ತಿದ. ಸರಿಯಾಯಿತೋ ಇಲ್ಲವೋ ನೋಡೋಣ ಎಂದು ಹೊರಗೆ ಬಂದು ಮತ್ತೆ ಒಳಗೆ ಹೋಗಲು ನೋಡಿದ. ಬಾಗಿಲು ತೆರೆಯಲಿಲ್ಲ.

ಮನೆ ಕಾಯುವವನು ಕಳ್ಳರನ್ನು ಒಳಗೆ ಬಿಟ್ಟು ಬೀಗ ಜಡಿದು, ಬೀಗದ ಕೈಯನ್ನೂ ಒಳಗೇ ಮರೆತು ಬಂದ ಹಾಗಾಯಿತು. ದೂರದಿಂದ ಸರ್ವರ್ ನಡೆಸುವವರೆಲ್ಲ ಒಮ್ಮೆಯಾದರೂ ಈ ತಪ್ಪು ಮಾಡಿರುತ್ತಾರೆ ಎಂದು ಹುಡುಗರು ಹೇಳಿ ನಕ್ಕರು. ಮಾಡಿದವನಿಗೆ ನಗು ಬರುವುದಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಯಾರಾದರೂ ಸರ್ವರಿನ ಎದುರಿಗೇ ನಿಂತು, ಅದಕ್ಕೆ ಕೀಬೋರ್ಡ್ ಸಿಕ್ಕಿಸಿ ಆ ಅಂಕಿಯನ್ನು ತಿದ್ದಬೇಕು. ವಯರು ಕಿತ್ತರಾಯಿತಲ್ಲ ಎನ್ನುತ್ತೀಯೇನೋ. ಓಡುತ್ತಿರುವಾಗ ಹಾಗೆ ಕಿತ್ತರೆ ಇಡೀ ಊರೇ ಅಳಿಸಿಹೋದರೂ ಹೋಯಿತು. ಗುಮಾಸ್ತ ತಾನೇ ಹೋಗೋಣವೆಂದರೆ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಅಷ್ಟರಲ್ಲಿ ಅಲ್ಲಿ ಉಳಿಯುವುದು ಬೂದಿ.

ಆಗಲೂ ಅವನು ದರ್ಜಿಗೆ ಫೋನು ಮಾಡಲಿಲ್ಲ ನೋಡು. ನೀವೇ ಒಮ್ಮೆ ಅಂಗಡಿಗೆ ಹೋಗಿ ಬನ್ನಿ ಎಂದು ನರ್ಸಮ್ಮನನ್ನು ಕೇಳಿಕೊಂಡ. ನಾನು ಡ್ಯೂಟಿಯಲ್ಲಿದ್ದೇನೆ, ಫೋನು ನಿಮ್ಮ ಕೈಯಲ್ಲೇ ಇದೆಯಲ್ಲ ಎಂದು ಅವಳು ಇಟ್ಟುಬಿಟ್ಟಳು. ಒಳ್ಳೆಯ ಹೆಂಗಸು.

ಗುಮಾಸ್ತ ಫೋನು ಹಿಡಿದು ಕೂತ. ಅವನು ಎತ್ತದಿದ್ದರೆ? ಎತ್ತಿ, ನಿನ್ನ ಊರು ನಿನಗೇ ಇರಲಿ ಎಂದುಬಿಟ್ಟರೆ? ಹಾಗೆನ್ನಲು ದರ್ಜಿಗೆ ಹಕ್ಕಿತ್ತು. ಊರು ಹೋದರೆ ಇನ್ನೊಂದು ಕಟ್ಟಬಹುದು, ಆ ಮಾತು ಬಂದರೆ ಏನು ಮಾಡುವುದು ಎಂದೇ ಗುಮಾಸ್ತನಿಗೆ ಹೆದರಿಕೆ. ಕೊನೆಗೆ ಮಾಡಿದ. ದರ್ಜಿ ಎತ್ತಿದ. ಹೇಳು ಎಂದ. ನಿನ್ನೆ ತಾನೇ ಮಾತಾಡಿದವನ ಹಾಗೆ ಹೇಳು ಎಂದ. ಗುಮಾಸ್ತ ಒಂದೇ ಉಸಿರಿಗೆ ಎಲ್ಲ ಒದರಿದ. ದರ್ಜಿ ಅಳತೆ ಕೊಡಲು ಬಂದವರನ್ನು ಹಾಗೇ ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಕೀಬೋರ್ಡ್ ಹಿಡಿದು ಬೀರುವಿನ ಪಕ್ಕದ ಸ್ಟೂಲು ಹತ್ತಿದ.

ಗುಮಾಸ್ತ ಒಂದೊಂದೇ ಅಕ್ಷರ ಹೇಳುವುದು, ದರ್ಜಿ ಅದನ್ನು ಹುಡುಕಿ ಹುಡುಕಿ ಒತ್ತುವುದು. ಸೂಜಿಗೆ ದಾರ ಪೋಣಿಸುವವನ ಕೈಗೆ ಆ ಗುಂಡಿಗಳು ಒಗ್ಗಲಿಲ್ಲ. ಒಮ್ಮೆ ತಪ್ಪಾಯಿತು, ಮತ್ತೆ ಮೊದಲಿನಿಂದ ಶುರು. ಗುಮಾಸ್ತ ಬೈಯಲಿಲ್ಲ. ಬೈಯುವ ಮುಖ ಎಲ್ಲಿತ್ತು?

ನಡುವೆ ಫೋನಿನಲ್ಲಿ ಗುಯ್ ಎನ್ನುವ ಸಣ್ಣ ಸದ್ದು ಕೇಳಿಸಿತು. ಅದೇನು ಎಂದು ಗುಮಾಸ್ತ ಕೇಳಿದ. ಸರ್ವರಿನ ಫ್ಯಾನು ಎಂದ ದರ್ಜಿ. ಬಟ್ಟೆಯ ಜುಂಗು ಹೋಗಿ ಅದಕ್ಕೆ ಸುತ್ತಿಕೊಳ್ಳುತ್ತದೆ, ಬಿಟ್ಟರೆ ಯಂತ್ರ ಕಾದು ಕೆಟ್ಟುಹೋಗುತ್ತದೆ, ಅದಕ್ಕೇ ವಾರಕ್ಕೊಮ್ಮೆ ಬ್ರಷ್ಷಿನಲ್ಲಿ ತೆಗೆಯುತ್ತೇನೆ ಎಂದ. ಈಗಲೂ ತೆಗೆಯುತ್ತೀಯಾ ಎಂದು ಗುಮಾಸ್ತ ಕೇಳಿದ. ತೆಗೆಯದಿದ್ದರೆ ಉಳಿದವರು ಎಲ್ಲಿ ಹೋಗಬೇಕು ಎಂದ ದರ್ಜಿ, ಮುಂದಿನ ಅಕ್ಷರ ಹೇಳು ಎಂದ.

ಗುಮಾಸ್ತ ಹೊರಗೆ ಹಾಕಿದ ಗೆಳೆಯ, ತಾನು ಕಾಲಿಡಲಾಗದ ಊರನ್ನು ಇಷ್ಟು ದಿನ ಕಾಯ್ದುಕೊಂಡು ಬಂದಿದ್ದ. ಸ್ವಿಚ್ಚು ಅವನ ಕೈಗೆ ಎಟಕುವಲ್ಲೇ ಇತ್ತು. ಒಂದು ದಿನವೂ ಆರಿಸಿರಲಿಲ್ಲ.

ಅಂಕಿ ಸರಿಯಾಯಿತು. ಗುಮಾಸ್ತ ಒಳಗೆ ಹೋದ. ಪುಂಡರನ್ನೆಲ್ಲ ಓಡಿಸಿ, ಊರಿನವರಿಗೆ ಬಾಗಿಲು ಮತ್ತೆ ತೆರೆದ. ಅರ್ಧ ಊರು ಸುಟ್ಟಿತ್ತು, ಅರ್ಧ ಉಳಿದಿತ್ತು. ಫೋನು ಇನ್ನೂ ಕಿವಿಯಲ್ಲೇ ಇತ್ತು. ಸರ್ವರಿನ ಎದುರು ನಿಂತವನಿಗೆ ಈಗ ಎಲ್ಲ ಅಧಿಕಾರವೂ ಇತ್ತು ಎನ್ನುವುದು ನೆನಪಿರಲಿ. ಗುಮಾಸ್ತನಿಗೂ ಅದು ಹೊಳೆಯಿತು. ಮೆಲ್ಲಗೆ ಹೇಳಿದ.

"ಹೇಗೂ ಅಲ್ಲೇ ಇದ್ದೀಯಲ್ಲ, ಇನ್ನೊಂದು ಸಾಲು ಹೇಳುತ್ತೇನೆ, ಅದನ್ನೂ ಒತ್ತಿಬಿಡು. ನಿನಗೆ ಹಾಕಿದ ತಡೆಯೂ ಹೋಗುತ್ತದೆ."

"ಅದನ್ನು ನಾನು ಒತ್ತುವುದಿಲ್ಲ" ಎಂದ ದರ್ಜಿ. "ನಾನೇ ತೆರೆದುಕೊಂಡು ಬಂದರೆ ನೀನು ಕರೆದ ಹಾಗೆ ಆಗುವುದಿಲ್ಲ."

ದರ್ಜಿ ಅವಸರ ಮಾಡಲಿಲ್ಲ, ಫೋನು ಹಿಡಿದೇ ಇದ್ದ. ಆಮೇಲೆ ಗುಮಾಸ್ತ ಆ ತಡೆಯನ್ನು ತನ್ನ ಕೈಯಾರೆ ತೆಗೆದ. ಬಾರೋ ಎಂದ. ಅಷ್ಟು ಹೇಳುವುದರೊಳಗೆ ಅತ್ತುಬಿಟ್ಟ. ಆ ಸಂಜೆಯೆಲ್ಲ ಇಬ್ಬರೂ ಸೇರಿ ಸುಟ್ಟ ಮನೆಗಳನ್ನು ಎತ್ತಿ ಕಟ್ಟಿದರು. ಅಳತೆ ಕೊಡಲು ಬಂದವರು ಕಾದು ಕಾದು ಬೈದುಕೊಂಡು ಮನೆಗೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಪಟ್ಟು ಬಿಡಲಿಲ್ಲ.

"ಗುರುಗಳೇ, ಚಾವಡಿ ಕೆಡಿಸಿದವನು ದರ್ಜಿ. ಕರೆಯಬೇಕಾದವನು ಮಾತ್ರ ಗುಮಾಸ್ತ. ಇದು ಯಾವ ನ್ಯಾಯ?"

ಗುರುಗಳು ಅವನ ಬೆನ್ನಿನ ಮೇಲೆ ಕೈಯಿಟ್ಟರು.

"ಸಂಗಯ್ಯ ಇವತ್ತೂ ಹುಗ್ಗಿಯ ಸೌಟು ಹಿಡಿದು ನಿನ್ನ ಮುಂದೆ ಬಂದು ನಿಂತಿದ್ದ, ತಟ್ಟೆಗೆ ಕೈ ಅಡ್ಡ ಹಿಡಿದವನು ನೀನು."

ಮಡಿವಾಳಯ್ಯ ಎದ್ದು ಅಡುಗೆಮನೆಯ ಕಡೆಗೆ ನಡೆದ.